ಗೊತ್ತಿದ್ದರೂ ತಿನ್ನುವುದಿಲ್ಲ: ಹದಿಹರೆಯದ ಮಕ್ಕಳ ಪೌಷ್ಟಿಕ ತಿಳಿವಳಿಕೆ ಮತ್ತು ಊಟದ ಅಭ್ಯಾಸ

ಹತ್ತನೇ ತರಗತಿಯಲ್ಲಿ ಓದುವ ನಿಮ್ಮ ಮಗಳನ್ನು ಒಮ್ಮೆ ಕೇಳಿ ನೋಡಿ. ಸಮತೋಲಿತ ಆಹಾರ ಎಂದರೇನು? ಕಬ್ಬಿಣಾಂಶ ಯಾವುದರಲ್ಲಿದೆ? ಹೆಚ್ಚು ಸಕ್ಕರೆ ತಿಂದರೆ ಏನಾಗುತ್ತದೆ? ಎಲ್ಲಕ್ಕೂ ಉತ್ತರ ಬಾಯಿಪಾಠ. ಅದೇ ದಿನ ಸಂಜೆ ಐದೂವರೆಗೆ ಬೊರಿವಲಿ ಸ್ಟೇಷನ್ ಹೊರಗೆ, ಕ್ಲಾಸಿಗೆ ಹೋಗುವ ಅವಸರದಲ್ಲಿ, ಅವಳ ಒಂದು ಕೈಯಲ್ಲಿ ವಡಾ ಪಾವ್, ಇನ್ನೊಂದು ಕೈಯಲ್ಲಿ ತಂಪು ಪಾನೀಯದ ಬಾಟಲಿ. ಬೆಳಿಗ್ಗೆ ನೀವು ಕಟ್ಟಿಕೊಟ್ಟ ಡಬ್ಬಿ ರಾತ್ರಿ ಅರ್ಧ ತುಂಬಿಯೇ ಮನೆಗೆ ಬರುತ್ತದೆ.

"ಇಷ್ಟೆಲ್ಲ ಓದಿದ್ದೀಯಲ್ಲ, ಇಷ್ಟೂ ಗೊತ್ತಾಗಲ್ವಾ ನಿನಗೆ?" ಎಂದು ನೀವು ಕೇಳುತ್ತೀರಿ. ಅವಳಿಗೆ ಗೊತ್ತಿದೆ. ತೊಂದರೆ ಇರುವುದು ಬೇರೆ ಕಡೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂಬ ಗಾದೆ ಹುಟ್ಟಿದ್ದು ಹದಿಹರೆಯದವರಿಗಾಗಿಯೇನೂ ಅಲ್ಲ. ಆದರೆ ಆ ವಯಸ್ಸಿನಲ್ಲಿ ಶಾಸ್ತ್ರಕ್ಕೂ ಬದನೆಕಾಯಿಗೂ ಇರುವ ಅಂತರ ಹೆಚ್ಚು. ಆ ಅಂತರ ಏಕೆ ಉಂಟಾಗುತ್ತದೆ, ಅದನ್ನು ಕಡಿಮೆ ಮಾಡಲು ಮನೆಯವರು ಏನು ಮಾಡಬಹುದು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಸಂಕ್ಷಿಪ್ತವಾಗಿ

• ಪೌಷ್ಟಿಕಾಂಶದ ತಿಳಿವಳಿಕೆ ಅಗತ್ಯ, ಆದರೆ ಅದೊಂದೇ ಊಟದ ಅಭ್ಯಾಸವನ್ನು ಬದಲಿಸುವುದಿಲ್ಲ.
• ಹಸಿವಾದ ಹೊತ್ತಿಗೆ ಕೈಗೆ ಏನು ಸಿಗುತ್ತದೆ, ಜೊತೆಗೆ ಯಾರಿದ್ದಾರೆ, ಜೇಬಿನಲ್ಲಿ ಎಷ್ಟಿದೆ ಎಂಬುದು ಪಾಠಕ್ಕಿಂತ ಹೆಚ್ಚು ಪ್ರಭಾವ ಬೀರುತ್ತದೆ.
• ಹದಿಹರೆಯದ ಹುಡುಗಿಯರಲ್ಲಿ ರಕ್ತಹೀನತೆ ಬಹಳ ಸಾಮಾನ್ಯ. ಇದನ್ನು ನಿರ್ಲಕ್ಷಿಸಬಾರದು.
• ಉಪದೇಶ ಹೆಚ್ಚಿಸುವ ಬದಲು ಸಂಜೆಯ ತಿಂಡಿ, ಡಬ್ಬಿ ಮತ್ತು ಮನೆಯ ವಾತಾವರಣವನ್ನು ಬದಲಿಸಿ.
• ತೂಕದ ಬಗ್ಗೆ ಹೀಯಾಳಿಸುವ ಮಾತು ಬೇಡ. ಅದರಿಂದ ಹಾನಿಯೇ ಹೆಚ್ಚು.

ಈ ವಯಸ್ಸಿನ ಊಟಕ್ಕೆ ಇಷ್ಟು ಮಹತ್ವ ಏಕೆ?

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 10ರಿಂದ 19 ವರ್ಷದವರೆಗಿನ ಅವಧಿ ಹದಿಹರೆಯ. ಶೈಶವವನ್ನು ಬಿಟ್ಟರೆ ದೇಹ ಇಷ್ಟು ವೇಗವಾಗಿ ಬೆಳೆಯುವುದು ಈ ವಯಸ್ಸಿನಲ್ಲಿ ಮಾತ್ರ. ಎತ್ತರ ಏರುತ್ತದೆ, ಮೂಳೆ ಗಟ್ಟಿಯಾಗುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ಹುಡುಗಿಯರಲ್ಲಿ ಮುಟ್ಟು ಆರಂಭವಾಗುತ್ತದೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಪರಿಷ್ಕರಿಸಿದ ಶಿಫಾರಸಿನಂತೆ 13ರಿಂದ 15 ವರ್ಷದ ಹುಡುಗಿಗೆ ದಿನಕ್ಕೆ 30 ಮಿಲಿಗ್ರಾಂ ಕಬ್ಬಿಣಾಂಶ ಬೇಕು. ಅವಳ ಅಪ್ಪನಿಗೆ ಬೇಕಾಗಿರುವುದು 19 ಮಿಲಿಗ್ರಾಂ. ಅಂದರೆ ಮನೆಯಲ್ಲಿ ಕಡಿಮೆ ತಿನ್ನುವ ಹುಡುಗಿಗೇ ಕಬ್ಬಿಣಾಂಶ ಹೆಚ್ಚು ಬೇಕು. ಅದೇ ವಯಸ್ಸಿನ ಹುಡುಗ, ಹುಡುಗಿ ಇಬ್ಬರಿಗೂ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು.

ಈಗ ನಮ್ಮ ಮಕ್ಕಳ ಸ್ಥಿತಿ ನೋಡಿ. 2016ರಿಂದ 2018ರವರೆಗೆ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ ಹದಿಹರೆಯದ ಹುಡುಗಿಯರಲ್ಲಿ ಶೇ. 40ರಷ್ಟು, ಹುಡುಗರಲ್ಲಿ ಶೇ. 18ರಷ್ಟು ಮಕ್ಕಳಿಗೆ ರಕ್ತಹೀನತೆ ಕಂಡುಬಂತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 19 ವರ್ಷದ ಹುಡುಗಿಯರಲ್ಲಿ ಈ ಪ್ರಮಾಣ ಶೇ. 59. ಒಂದರಲ್ಲಿ ರಕ್ತನಾಳದಿಂದ, ಇನ್ನೊಂದರಲ್ಲಿ ಬೆರಳ ತುದಿಯಿಂದ ರಕ್ತ ತೆಗೆದಿದ್ದರಿಂದ ಮತ್ತು ವಯಸ್ಸಿನ ಗುಂಪು ಬೇರೆಯಾಗಿದ್ದರಿಂದ ಅಂಕಿಗಳು ಹೊಂದುವುದಿಲ್ಲ. ಆದರೆ ಎರಡೂ ಹೇಳುವುದು ಒಂದೇ: ತರಗತಿಯಲ್ಲಿ ಕುಳಿತ ಹುಡುಗಿಯರಲ್ಲಿ ಹಲವರ ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇದೆ. ಮೊದಲ ಸಮೀಕ್ಷೆಯಲ್ಲೇ ಹತ್ತು ಮಂದಿ ಹದಿಹರೆಯದವರಲ್ಲಿ ಒಬ್ಬರಿಗೆ ಮಧುಮೇಹಕ್ಕೆ ಮುಂಚಿನ ಸ್ಥಿತಿಯ ಸಕ್ಕರೆ ಮಟ್ಟ ಕಂಡುಬಂದಿತ್ತು. ಒಂದೆಡೆ ಕೊರತೆ, ಇನ್ನೊಂದೆಡೆ ಅತಿ. ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ಮಗುವಿನಲ್ಲಿ ಎರಡೂ ಇರಬಹುದು.

ತಿಳಿವಳಿಕೆಯಿಂದ ಅಭ್ಯಾಸ ಬದಲಾಗುತ್ತದೆಯೇ?

ಸ್ವಲ್ಪ ಮಟ್ಟಿಗೆ ಹೌದು. 2014ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ನ್ಯೂಟ್ರಿಷನ್‌ನಲ್ಲಿ ಪ್ರಕಟವಾದ ಒಂದು ವಿಮರ್ಶೆ ಈ ವಿಷಯದ 29 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿತು. ಇವು ಹೆಚ್ಚಾಗಿ ವಯಸ್ಕರ ಮೇಲೆ ನಡೆದವು. ಸುಮಾರು ಮೂರರಲ್ಲಿ ಎರಡು ಪಾಲು ಅಧ್ಯಯನಗಳಲ್ಲಿ, ಹೆಚ್ಚು ತಿಳಿದವರು ಸ್ವಲ್ಪ ಉತ್ತಮವಾಗಿ, ಮುಖ್ಯವಾಗಿ ಹಣ್ಣು ತರಕಾರಿಯನ್ನು ಹೆಚ್ಚು ತಿನ್ನುತ್ತಾರೆ ಎಂದು ಕಂಡುಬಂತು. ಆದರೆ ಆ ಸಂಬಂಧ ದುರ್ಬಲವಾಗಿತ್ತು. ಸ್ವಂತ ದುಡಿಮೆ, ಸ್ವಂತ ಅಡುಗೆಮನೆ ಇರುವ ದೊಡ್ಡವರಲ್ಲೇ ಹೀಗಾದರೆ, ಎರಡೂ ಇಲ್ಲದ ಮಕ್ಕಳಿಂದ ಪಾಠವೊಂದರಿಂದಲೇ ಬದಲಾವಣೆ ನಿರೀಕ್ಷಿಸುವುದು ಸರಿಯಲ್ಲ.

ಉತ್ತರ ಭಾರತದಲ್ಲಿ 11ನೇ ತರಗತಿಯ ಮಕ್ಕಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಅಧ್ಯಯನವೊಂದು ಆಶಾದಾಯಕ. ಅಲ್ಲಿ ಉಪನ್ಯಾಸವೊಂದನ್ನೇ ಕೊಡಲಿಲ್ಲ. ಕ್ಯಾಂಟೀನಿನ ತಿಂಡಿಪಟ್ಟಿ ಬದಲಿಸಿದರು, ಪೋಷಕರನ್ನು ಸೇರಿಸಿಕೊಂಡರು, ಮಕ್ಕಳೊಂದಿಗೆ ಒಬ್ಬೊಬ್ಬರಾಗಿ ಮಾತನಾಡಿದರು. ಆರು ತಿಂಗಳಲ್ಲಿ ತಂಪು ಪಾನೀಯ ಕುಡಿಯುವವರು ಕಡಿಮೆಯಾದರು, ಮನೆಯಿಂದ ಹಣ್ಣು ತರುವವರು ಹೆಚ್ಚಿದರು. ತಿಳಿವಳಿಕೆಯ ಜೊತೆಗೆ ಸುತ್ತಲಿನ ವ್ಯವಸ್ಥೆಯೂ ಬದಲಾದಾಗ ಅಭ್ಯಾಸ ಬದಲಾಯಿತು.

"ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಹಿರಿಯರು ಹೇಳುವಾಗ 'ಬಲ್ಲ' ಎಂಬ ಮಾತಿನ ಅರ್ಥ ಪುಸ್ತಕದ ಅರಿವು ಮಾತ್ರ ಅಲ್ಲ. ಈಜು ಬಲ್ಲ, ಅಡುಗೆ ಬಲ್ಲ ಎನ್ನುವ ಹಾಗೆ ಅದು ಮಾಡಿ ರೂಢಿಯಾದ ವಿದ್ಯೆ. ಮಕ್ಕಳಿಗೆ ಊಟದ ಬಗ್ಗೆ ಗೊತ್ತಿದೆ; ಊಟ ಬಲ್ಲವರಾಗಲು ಅವಕಾಶ ಸಿಕ್ಕಿಲ್ಲ.

ತಟ್ಟೆಗೂ ತಿಳಿವಳಿಕೆಗೂ ನಡುವೆ ಅಡ್ಡ ಬರುವುದೇನು?

1. ಒಂಬತ್ತು ಗಂಟೆಯ ಹಸಿವು

ಬೊರಿವಲಿಯಂಥ ಉಪನಗರದ ದಿನಚರಿಯನ್ನು ಲೆಕ್ಕ ಹಾಕಿ. ಮಧ್ಯಾಹ್ನ ಹನ್ನೆರಡೂವರೆಗೆ ಡಬ್ಬಿ. ಶಾಲೆ ಅಥವಾ ಜೂನಿಯರ್ ಕಾಲೇಜಿನಿಂದ ನೇರ ಕ್ಲಾಸು. ಅಪ್ಪ ಅಮ್ಮ ಇಬ್ಬರೂ ಕೆಲಸಕ್ಕೆ ಹೋಗುವ ಮನೆಯಾದರೆ ಲೋಕಲ್ ಹಿಡಿದು ಮರಳುವಾಗ ರಾತ್ರಿ ಎಂಟು. ಊಟ ಒಂಬತ್ತೂವರೆಗೆ. ನಡುವೆ ಒಂಬತ್ತು ಗಂಟೆ. ಬೆಳೆಯುವ ದೇಹ ಅಷ್ಟು ಹೊತ್ತು ಕಾಯುವುದಿಲ್ಲ. ಆಗ ಎದುರಿಗೆ ಇರುವುದು ವಡಾ ಪಾವ್, ಚೈನೀಸ್ ಭೇಲ್, ಫ್ರಾಂಕಿ ಮತ್ತು ಚಿಪ್ಸ್. ಅಗ್ಗ, ಬಿಸಿ, ಎರಡು ನಿಮಿಷದಲ್ಲಿ ಕೈಗೆ ಬರುತ್ತದೆ. ಇಲ್ಲಿ ಗೆಲ್ಲುವುದು ಹಸಿವು. ಅದು ಮಗುವಿನ ಅಜ್ಞಾನವಲ್ಲ.

2. ಜೊತೆಗಾರರು

ಎಲ್ಲರೂ ಗಾಡಿಯ ಮುಂದೆ ನಿಂತಾಗ ಒಬ್ಬಳೇ ಡಬ್ಬಿ ತೆರೆಯುವುದು ಹದಿನೈದರ ವಯಸ್ಸಿನಲ್ಲಿ ಸುಲಭವಲ್ಲ. ಗುಂಪಿನಲ್ಲಿ ಸೇರುವುದು ಈ ವಯಸ್ಸಿನ ಸಹಜ ಅಗತ್ಯ. ತಿಂಡಿ ಇಲ್ಲಿ ಸ್ನೇಹದ ಭಾಗ.

3. ಬೆಳೆಯುತ್ತಿರುವ ಮಿದುಳು

ಸುಖ, ರುಚಿ, ಹೊಸತನಕ್ಕೆ ಸ್ಪಂದಿಸುವ ಮಿದುಳಿನ ಭಾಗ ಹದಿಹರೆಯದಲ್ಲಿ ಬಹಳ ಚುರುಕಾಗಿರುತ್ತದೆ. ಮುಂದಿನದನ್ನು ಯೋಚಿಸಿ ಕಡಿವಾಣ ಹಾಕುವ ಮುಂಭಾಗ ಪೂರ್ತಿ ಬೆಳೆಯಲು ಇಪ್ಪತ್ತೈದರ ಆಸುಪಾಸು ಆಗುತ್ತದೆ. "ನಲವತ್ತಕ್ಕೆ ಸಕ್ಕರೆ ಕಾಯಿಲೆ ಬರುತ್ತದೆ" ಎಂಬ ಎಚ್ಚರಿಕೆ ಹದಿನಾಲ್ಕರ ಹುಡುಗನ ಮನಸ್ಸಿಗೆ ತಟ್ಟದಿರುವುದಕ್ಕೆ ಇದೂ ಒಂದು ಕಾರಣ.

4. ನಿದ್ದೆ

ಈ ವಯಸ್ಸಿಗೆ 8ರಿಂದ 10 ಗಂಟೆ ನಿದ್ದೆ ಬೇಕು. ತಡರಾತ್ರಿ ಓದು, ಮೊಬೈಲ್, ಬೆಳಿಗ್ಗೆ ಬೇಗ ಶಾಲೆ ಎಂದಾದಾಗ ಮೊದಲು ಬಿಟ್ಟುಹೋಗುವುದು ಬೆಳಗಿನ ತಿಂಡಿ. ನಿದ್ದೆ ಕಡಿಮೆಯಾದ ದಿನ ಸಿಹಿ, ಕರಿದ ತಿಂಡಿಯ ಆಸೆಯೂ ಹೆಚ್ಚು.

5. ಕನ್ನಡಿ

ಕೆಲವು ಮಕ್ಕಳು ತಿಳಿದದ್ದನ್ನು ತಪ್ಪಾಗಿ ಬಳಸುತ್ತಾರೆ. ತೆಳ್ಳಗಾಗಲು ಊಟ ಬಿಡುವುದು, ಅನ್ನವನ್ನೇ ನಿಲ್ಲಿಸುವುದು, ಜಿಮ್ಮಿನ ಗೆಳೆಯ ಹೇಳಿದ ಪ್ರೋಟೀನ್ ಪುಡಿ ಕುಡಿಯುವುದು. ಅವರಿಗೆ ಮಾಹಿತಿ ಕಡಿಮೆಯಲ್ಲ, ಮೊಬೈಲಿನಲ್ಲಿ ಬೇಕಾದಷ್ಟಿದೆ. ಯಾವುದನ್ನು ನಂಬಬೇಕು ಎಂಬುದೇ ಗೊತ್ತಿಲ್ಲ.

ಮನೆಯಲ್ಲಿ ನೀವು ಏನು ಮಾಡಬಹುದು?

ಮೊದಲು ಸಂಜೆಯ ಹೊತ್ತನ್ನು ಸರಿಪಡಿಸಿ

ಇಡೀ ದಿನದ ಆಹಾರವನ್ನು ಒಮ್ಮೆಲೇ ಬದಲಿಸಲು ಹೋಗಬೇಡಿ. ನಾಲ್ಕರಿಂದ ಆರರ ನಡುವಿನ ಹೊತ್ತಿಗೆ ಎರಡನೆಯ ಸಣ್ಣ ಡಬ್ಬಿ ಕೊಡಿ. ಅದು ತಣ್ಣಗಾದರೂ ತಿನ್ನುವಂತಿರಬೇಕು, ಕೈ ತೊಳೆಯಲು ನೀರಿಲ್ಲದಿದ್ದರೂ ತಿನ್ನಲು ಬರಬೇಕು, ಗೆಳೆಯರಿಗೆ ಹಂಚುವಂತಿರಬೇಕು. ಕೆಲವು ಉದಾಹರಣೆಗಳು:

• ಹುರಿದ ಕಡಲೆ ಮತ್ತು ಶೇಂಗಾ, ಜೊತೆಗೆ ಒಂದು ಪೇರಲೆ
• ಶೇಂಗಾ ಬೆಲ್ಲದ ಚಿಕ್ಕಿ ಅಥವಾ ಎಳ್ಳುಂಡೆ
• ಚಟ್ನಿಪುಡಿ ಎಣ್ಣೆ ಸವರಿದ ಸಣ್ಣ ಇಡ್ಲಿಗಳು
• ಮೊಟ್ಟೆ ಅಥವಾ ಪನೀರು ಸುತ್ತಿದ ಚಪಾತಿ. ಇದನ್ನು ಫ್ರಾಂಕಿ ಎಂದೇ ಕರೆಯಿರಿ, ತಪ್ಪಿಲ್ಲ
• ಮೊಳಕೆ ಹೆಸರುಕಾಳಿನ ಉಸುಳಿ (ಬಿಸಿಲಿನ ದಿನ ಬೇಗ ಹಳಸುತ್ತದೆ, ಬೇಯಿಸಿಯೇ ಕೊಡಿ)

ಹೊರಗೇ ತಿನ್ನಬೇಕಾದ ದಿನಕ್ಕೂ ಒಂದು ಲೆಕ್ಕ ಇರಲಿ. ನಮ್ಮೂರಿನವರ ಉಡುಪಿ ಹೋಟೆಲುಗಳು ಮುಂಬಯಿಯ ಉಪನಗರಗಳಲ್ಲಿ ಕಡಿಮೆಯಿಲ್ಲ. ಒಂದು ಪ್ಲೇಟ್ ಇಡ್ಲಿ ಸಾಂಬಾರಿನಲ್ಲಿ ಬೇಳೆಯೂ ತರಕಾರಿಯೂ ಇದೆ, ಎಣ್ಣೆ ಕಡಿಮೆ. ವಡಾ ಪಾವ್ ತಿಂದರೂ ಜೊತೆಗೆ ತಂಪು ಪಾನೀಯದ ಬದಲು ನೀರು, ಮಜ್ಜಿಗೆ ಅಥವಾ ನಿಂಬೆ ಶರಬತ್ತು ಸಾಕು. ವಡಾ ಪಾವ್ ವಿಷವಲ್ಲ. ದಿನಾ ಅದೇ ಸಂಜೆಯ ಊಟವಾದಾಗ ಕಷ್ಟ.

ಊರಿನ ಅಡುಗೆಯನ್ನು ಹಿಂದೆ ತಳ್ಳಬೇಡಿ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅಷ್ಟೇ ತೂಕದ ಅಕ್ಕಿಯಲ್ಲಿ ಅದು ಬಹಳ ಕಡಿಮೆ. ರಾಗಿ ದೋಸೆ, ಹುರುಳಿ ಸಾರು, ಹರಿವೆ ಮತ್ತು ನುಗ್ಗೆ ಸೊಪ್ಪಿನ ಪಲ್ಯ, ಮೀನು ತಿನ್ನುವ ಮನೆಯಾದರೆ ಬೂತಾಯಿ, ಬಂಗುಡೆ: ಇವೆಲ್ಲ ದುಬಾರಿ ಪುಡಿಗಳಿಗಿಂತ ಒಳ್ಳೆಯವು. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣಾಂಶ ದೇಹಕ್ಕೆ ಹಿಡಿಯಲು ಸಿ ಜೀವಸತ್ವ ಬೇಕು. ಪಲ್ಯದ ಮೇಲೆ ನಿಂಬೆ ಹಿಂಡಿ, ಊಟದ ಜೊತೆ ನೆಲ್ಲಿಕಾಯಿ ಇಡಿ. ಚಹಾ, ಕಾಫಿ ಕಬ್ಬಿಣಾಂಶಕ್ಕೆ ಅಡ್ಡ ಬರುತ್ತವೆ. ಊಟಕ್ಕೂ ಅವಕ್ಕೂ ಕನಿಷ್ಠ ಒಂದು ಗಂಟೆ ಅಂತರವಿರಲಿ. ಮಾಂಸ, ಮೀನು, ಮೊಟ್ಟೆ ತಿನ್ನದ ಮನೆಯಲ್ಲಿ ಬಿ12 ಕೊರತೆಯ ಸಾಧ್ಯತೆ ಹೆಚ್ಚು. ಹಾಲು, ಮೊಸರು ತಪ್ಪಿಸಬೇಡಿ.

ಅಡುಗೆ ಮತ್ತು ಸಂತೆ ಅವರ ಕೈಗೆ ಕೊಡಿ

ವಾರಕ್ಕೆ ಒಂದು ದಿನ ತರಕಾರಿ ತರುವ ಕೆಲಸ ಮಗನದ್ದು, ಒಂದು ಅಡುಗೆ ಮಗಳದ್ದು ಎಂದಾಗಲಿ. ಹುಡುಗರಿಗೂ ಒಲೆಯ ಕೆಲಸ ಬರಲಿ. ತಾವೇ ಮಾಡಿದ್ದನ್ನು ಮಕ್ಕಳು ತಿನ್ನುತ್ತಾರೆ. ಮೊಟ್ಟೆ ಬೇಯಿಸಲು, ಅವಲಕ್ಕಿ ಒಗ್ಗರಣೆ ಹಾಕಲು ಬರುವ ಹುಡುಗ ನೀವಿಲ್ಲದ ಸಂಜೆ ನೂಡಲ್ಸ್ ಪ್ಯಾಕೆಟ್ಟನ್ನೇ ಹುಡುಕುವುದಿಲ್ಲ.

ಹೆದರಿಸಬೇಡಿ, ಕೇಳುವ ಬುದ್ಧಿ ಕಲಿಸಿ

2016ರಲ್ಲಿ ಪ್ರಕಟವಾದ ಒಂದು ಪ್ರಯೋಗ ಕುತೂಹಲಕರ. ಅಮೆರಿಕದ ಟೆಕ್ಸಾಸ್ ರಾಜ್ಯದ ಶಾಲೆಯಲ್ಲಿ 8ನೇ ತರಗತಿಯ 500ಕ್ಕೂ ಹೆಚ್ಚು ಮಕ್ಕಳಲ್ಲಿ ಕೆಲವರಿಗೆ ಎಂದಿನ ಆರೋಗ್ಯ ಪಾಠ ಕೊಟ್ಟರು. ಇನ್ನು ಕೆಲವರಿಗೆ, ಕಂಪನಿಗಳು ಮಕ್ಕಳನ್ನು ಮರುಳು ಮಾಡಲು ತಿಂಡಿಯ ರುಚಿಯನ್ನೂ ಜಾಹೀರಾತನ್ನೂ ಹೇಗೆ ಹೆಣೆಯುತ್ತವೆ ಎಂದು ತಿಳಿಸಿದರು. ಮರುದಿನ ತಿಂಡಿ ಆರಿಸುವಾಗ ಎರಡನೆಯ ಗುಂಪಿನವರೇ ಹೆಚ್ಚು ಆರೋಗ್ಯಕರವಾದದ್ದನ್ನು ಆರಿಸಿದರು. ಯಾರೋ ತಮ್ಮನ್ನು ಮೋಸ ಮಾಡುತ್ತಿದ್ದಾರೆ ಎಂದು ತಿಳಿದರೆ ಈ ವಯಸ್ಸಿನವರು ಸುಮ್ಮನಿರುವುದಿಲ್ಲ.

ನೀವೂ ಇದನ್ನು ಆಟದಂತೆ ಮಾಡಬಹುದು. ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಲು ಹೇಳಿ. ಪದಾರ್ಥಗಳ ಪಟ್ಟಿಯಲ್ಲಿ ಮೊದಲು ಬರೆದದ್ದೇ ಅದರಲ್ಲಿ ಹೆಚ್ಚು ಇರುವುದು. 'ಹಣ್ಣಿನ ಪಾನೀಯ'ದಲ್ಲಿ ಹಣ್ಣು ಎಷ್ಟನೆಯ ಸ್ಥಾನದಲ್ಲಿದೆ ನೋಡಲಿ. ಸಕ್ಕರೆಯ ಗ್ರಾಂ ಲೆಕ್ಕವನ್ನು ಐದರಿಂದ ಭಾಗಿಸಿದರೆ ಎಷ್ಟು ಚಮಚ ಎಂದು ತಿಳಿಯುತ್ತದೆ. 250 ಮಿಲಿಲೀಟರ್ ಕೋಲಾದಲ್ಲಿ 25 ಗ್ರಾಂಗಿಂತ ಹೆಚ್ಚು, ಅಂದರೆ ಐದು ಚಮಚ ಮೀರಿದ ಸಕ್ಕರೆ ಇರುತ್ತದೆ. ಐದು ಚಮಚವನ್ನು ಲೋಟಕ್ಕೆ ಹಾಕಿ ತೋರಿಸಿ. ಬೇರೆ ಮಾತು ಬೇಡ. ಉಪ್ಪಿಗೂ ಹೀಗೆಯೇ: ದೊಡ್ಡವರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ದಿನದ ಮಿತಿ 2000 ಮಿಲಿಗ್ರಾಂ ಸೋಡಿಯಂ. ಒಂದು ಪ್ಯಾಕೆಟ್ಟೇ ಅದರಲ್ಲಿ ಎಷ್ಟು ಪಾಲು ತಿಂದಿತು ಎಂದು ಅವರೇ ಲೆಕ್ಕ ಹಾಕಲಿ.

ಶಾಲೆಯನ್ನೂ ಕೇಳಿ

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2020ರ ನಿಯಮದಂತೆ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿಂಡಿಯನ್ನು ಶಾಲೆಯ ಕ್ಯಾಂಟೀನಿನಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಮಕ್ಕಳಿಗೆ ಮಾರುವಂತಿಲ್ಲ. 2025ರ ಮೇ ತಿಂಗಳಲ್ಲಿ ಸಿಬಿಎಸ್‌ಇ ತನ್ನ ಶಾಲೆಗಳಿಗೆ 'ಶುಗರ್ ಬೋರ್ಡ್' ಹಾಕಲು ಸೂಚಿಸಿದೆ. ಪೋಷಕರ ಸಭೆಯಲ್ಲಿ ಇವುಗಳ ಬಗ್ಗೆ ಕೇಳುವ ಹಕ್ಕು ನಿಮಗಿದೆ. ಆದರೆ ಸ್ಟೇಷನ್ ರಸ್ತೆಯಲ್ಲಿ ಕ್ಲಾಸಿಗೆ ಹೋಗುವ ದಾರಿಯನ್ನು ಯಾವ ಬೋರ್ಡೂ ಕಾಯುವುದಿಲ್ಲ ಎಂಬುದು ನೆನಪಿರಲಿ.

ಏನು ಮಾಡಬಾರದು?

• "ಎಷ್ಟು ದಪ್ಪ ಆಗಿದ್ದೀಯ", "ಕಡ್ಡಿ ಥರ ಇದ್ದೀಯ" ಎಂದು ನೆಂಟರ ಮುಂದೆ ಹೇಳಬೇಡಿ. ಬೇರೆಯವರು ಹೇಳಿದರೆ ತಡೆಯಿರಿ.
• ಆಹಾರವನ್ನು ಬಹುಮಾನ ಅಥವಾ ಶಿಕ್ಷೆಯಾಗಿ ಬಳಸಬೇಡಿ. "ಮಾರ್ಕ್ಸ್ ಬಂದರೆ ಪಿಜ್ಜಾ" ಎಂದರೆ ಪಿಜ್ಜಾದ ಬೆಲೆ ಏರುತ್ತದೆ, ಪಲ್ಯದ ಬೆಲೆ ಇಳಿಯುತ್ತದೆ.
• ಪೂರ್ತಿ ನಿಷೇಧ ಹಾಕಬೇಡಿ. ಬಚ್ಚಿಟ್ಟು ತಿನ್ನುವ ಅಭ್ಯಾಸ ಅಲ್ಲಿಂದಲೇ ಶುರುವಾಗುತ್ತದೆ.
• ನೀವೇ ರಾತ್ರಿ ಟಿವಿ ಮುಂದೆ ಫರ್ಸಾಣ್ ಮೆಲ್ಲುತ್ತಾ ಅವರಿಗೆ ಸಲಾಡ್ ತಿನ್ನಲು ಹೇಳಬೇಡಿ. ವಾರದಲ್ಲಿ ಕೆಲವು ದಿನವಾದರೂ ಮೊಬೈಲ್ ಬದಿಗಿಟ್ಟು ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತುಕೊಳ್ಳಿ.

ವೈದ್ಯರನ್ನು ಯಾವಾಗ ಕಾಣಬೇಕು?

ಕೆಳಗಿನ ಲಕ್ಷಣ ಕಂಡರೆ "ಪರೀಕ್ಷೆ ಮುಗಿಯಲಿ" ಎಂದು ಮುಂದೂಡಬೇಡಿ:

• ಮೆಟ್ಟಿಲು ಹತ್ತಿದರೆ ಏದುಸಿರು, ಸದಾ ಸುಸ್ತು, ಬಿಳಚಿದ ಕಣ್ಣಿನ ಒಳರೆಪ್ಪೆ, ಮಣ್ಣು, ಸೀಮೆಸುಣ್ಣ, ಹಸಿ ಅಕ್ಕಿ ಅಥವಾ ಮಂಜುಗಡ್ಡೆ ತಿನ್ನುವ ಆಸೆ
• ಮುಟ್ಟಿನಲ್ಲಿ ಅತಿಯಾದ ರಕ್ತಸ್ರಾವ, ಅಥವಾ ಮೂರು ತಿಂಗಳಿಂದ ಮುಟ್ಟು ನಿಂತಿರುವುದು
• ಕತ್ತಿನ ಹಿಂಭಾಗ, ಕಂಕುಳು ಕಪ್ಪಾಗಿ ದಪ್ಪವಾಗುವುದು
• ಅತಿ ಬಾಯಾರಿಕೆ, ಪದೇ ಪದೇ ಮೂತ್ರ, ಜೊತೆಗೆ ತೂಕ ಇಳಿಕೆ. ಇದಕ್ಕೆ ಅದೇ ದಿನ ವೈದ್ಯರ ಬಳಿ ಹೋಗಿ
• ಊಟ ತಪ್ಪಿಸುವುದು, ತಿಂದ ಕೂಡಲೇ ಬಾತ್‌ರೂಮಿಗೆ ಹೋಗಿ ವಾಂತಿ ಮಾಡುವುದು, ತೂಕದ ಬಗ್ಗೆ ಬಿಡದ ಚಿಂತೆ

ಕೊನೆಯದು ಹಟವಲ್ಲ, ಕಾಯಿಲೆಯಾಗಿರಬಹುದು. ಮಾನಸಿಕ ಆರೋಗ್ಯದ ಸಹಾಯಕ್ಕೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು.

ಪದೇ ಪದೇ ಕೇಳುವ ಪ್ರಶ್ನೆಗಳು

ಹಿಮೋಗ್ಲೋಬಿನ್ ಎಷ್ಟಿರಬೇಕು?
12 ವರ್ಷ ದಾಟಿದ ಹುಡುಗಿಯರಲ್ಲಿ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಹುಡುಗರಲ್ಲಿ 14 ವರ್ಷದವರೆಗೆ 12, ಆ ನಂತರ 13 ಗ್ರಾಂ ಮಿತಿ.

ಶಾಲೆಯಲ್ಲಿ ಕೊಡುವ ನೀಲಿ ಮಾತ್ರೆ ತೆಗೆದುಕೊಳ್ಳಬಹುದೇ?
ಹೌದು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ವಾರಕ್ಕೊಮ್ಮೆ ಕೊಡುವ ಆ ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲವಿದೆ. ಊಟದ ನಂತರ ತೆಗೆದುಕೊಳ್ಳಲಿ. ಮಲ ಕಪ್ಪಾಗುವುದು ಸಹಜ, ಹೆದರಬೇಕಿಲ್ಲ. ಇದು ರಕ್ತಹೀನತೆ ಬಾರದಂತೆ ತಡೆಯಲು. ಈಗಾಗಲೇ ರಕ್ತಹೀನತೆ ಇದ್ದರೆ ಪ್ರಮಾಣವನ್ನು ವೈದ್ಯರೇ ನಿರ್ಧರಿಸಬೇಕು. ಥಲಸೇಮಿಯಾ ವಾಹಕರಲ್ಲೂ ಹಿಮೋಗ್ಲೋಬಿನ್ ಕಡಿಮೆ ಇರಬಹುದು, ಅವರಿಗೆ ಕಬ್ಬಿಣಾಂಶ ಅಗತ್ಯವಿರಲೇಬೇಕೆಂದಿಲ್ಲ. ಆದ್ದರಿಂದ ಅಂಗಡಿಯಿಂದ ಟಾನಿಕ್ ತಂದು ತಿಂಗಳುಗಟ್ಟಲೆ ಕುಡಿಸಬೇಡಿ.

ಮಗ ಪ್ರೋಟೀನ್ ಪುಡಿ ಬೇಕೆನ್ನುತ್ತಾನೆ. ಕೊಡಲೇ?
16ರಿಂದ 18 ವರ್ಷದ ಹುಡುಗನಿಗೆ ಶಿಫಾರಸು ಮಾಡಿದ್ದು ದಿನಕ್ಕೆ 55 ಗ್ರಾಂ ಪ್ರೋಟೀನ್. ಬೇಳೆ, ಕಾಳು, ಹಾಲು, ಮೊಸರು, ಮೊಟ್ಟೆ, ಮೀನಿನಿಂದ ಇದು ಸಿಗುತ್ತದೆ. ವೈದ್ಯರು ಹೇಳದೆ ಪುಡಿ ಬೇಡ.

ಎಷ್ಟು ದಿನದಲ್ಲಿ ಬದಲಾವಣೆ ಕಾಣುತ್ತದೆ?
ವಾರದಲ್ಲಿ ಅಲ್ಲ. ಒಂದು ತಿಂಗಳು ಸಂಜೆಯ ಡಬ್ಬಿಯೊಂದನ್ನೇ ನೋಡಿಕೊಳ್ಳಿ. ಅದು ಖಾಲಿಯಾಗಿ ಮನೆಗೆ ಬರಲು ಶುರುವಾದ ಮೇಲೆ ಮುಂದಿನದಕ್ಕೆ ಕೈ ಹಾಕಿ. ಖಾಲಿಯಾಗದಿದ್ದರೆ ಬೈಯಬೇಡಿ, "ಇದರ ಬದಲು ಏನು ಹಾಕಲಿ?" ಎಂದು ಕೇಳಿ. ಉತ್ತರ ಅವರ ಬಳಿಯೇ ಇರುತ್ತದೆ.

ಈ ಲೇಖನ ಸಾಮಾನ್ಯ ಮಾಹಿತಿಗಾಗಿ. ನಿಮ್ಮ ಮಗುವಿಗೆ ಮಧುಮೇಹ, ಮೂತ್ರಪಿಂಡದ ತೊಂದರೆ ಅಥವಾ ಬೇರೆ ಕಾಯಿಲೆ ಇದ್ದರೆ ಆಹಾರ ಬದಲಿಸುವ ಮೊದಲು ವೈದ್ಯರನ್ನು ಅಥವಾ ಆಹಾರ ತಜ್ಞರನ್ನು ಕೇಳಿ.